ಟಯರ್ ಪಕ್ಕದ ಅಂಕಿ ಓದದೆ ಸ್ಪೇರ್ ಕೊಳ್ಳಬೇಡಿ

ಹೋದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ಅಂಗಡಿಗೆ ಬಂದರು. ಆಟೋದಿಂದ ಒಂದು ದೊಡ್ಡ ರಟ್ಟಿನ ಡಬ್ಬ ಇಳಿಸಿಕೊಂಡು, ಜೊತೆಗೆ ಮಗಳ ಲೇಡೀಸ್ ಸೈಕಲ್ಲನ್ನೂ ತಂದಿದ್ದರು. ಅವರ ಮನೆಯಲ್ಲಿ ಮೂರು ಸೈಕಲ್ ಇವೆ. ಅವರದ್ದು ಹಳೇ ಕಪ್ಪು ಸೈಕಲ್, ಮಗಳದ್ದು ಇದು, ಮೊಮ್ಮಗನದ್ದು ಗೇರ್ ಸೈಕಲ್. ಮಳೆಗಾಲ ಶುರುವಾಗುವ ಮುಂಚೆ ಒಂದಷ್ಟು ಸಾಮಾನು ಮನೆಯಲ್ಲಿರಲಿ ಅಂತ ಪೆನ್ಷನ್ ದುಡ್ಡಲ್ಲಿ ಸ್ವಲ್ಪ ಸ್ವಲ್ಪವೇ ಎತ್ತಿಟ್ಟು, ಮೊಬೈಲಲ್ಲಿ ರಿಯಾಯಿತಿ ಬಂದಾಗ ಎಲ್ಲ ಒಟ್ಟಿಗೆ ತರಿಸಿದ್ದರು. ಡಬ್ಬದಲ್ಲಿ ನಾಲ್ಕು ಟಯರ್, ಆರು ಟ್ಯೂಬ್, ಎರಡು ಚೈನ್, ಒಂದು ಚೀಲ ತುಂಬ ಬ್ರೇಕ್ ರಬ್ಬರ್.

"ಎರಡು ಟಯರ್ ಈಗಲೇ ಹಾಕಿಬಿಡಪ್ಪ, ಉಳಿದದ್ದು ಮನೇಲಿರಲಿ" ಅಂದರು.

ಟಯರ್ ಮೇಲೆ 26 × 1.95 ಅಂತ ಇತ್ತು. ಮಗಳ ಸೈಕಲ್ಲಿನ ಹಳೇ ಟಯರ್ ಮೇಲೆ 26 × 1-3/8. ನಾನು ಮಾತಾಡಲಿಲ್ಲ. ಚಕ್ರ ಬಿಚ್ಚಿ, ಹೊಸ ಟಯರಿನ ಒಂದು ಬದಿಯನ್ನು ರಿಮ್ಮಿಗೆ ಕೂರಿಸಿ, ಚಕ್ರವನ್ನು ಅವರ ಕೈಗೇ ಕೊಟ್ಟೆ. ಅರ್ಧ ಸುತ್ತು ಕೂತಿತು, ಆಮೇಲೆ ಕೂರಲೇ ಇಲ್ಲ. ಟಯರಿನ ಅಂಚಿನೊಳಗೆ ಸ್ಟೀಲ್ ತಂತಿ ಇರುತ್ತದೆ, ಅದು ರಬ್ಬರಿನ ಥರ ಹಿಗ್ಗುವುದಿಲ್ಲ. "ಎರಡೂ ಇಪ್ಪತ್ತಾರೇ ಅಲ್ವೇನಪ್ಪ?" ಅಂತ ಮೇಷ್ಟ್ರು ಕೇಳಿದರು. ಇಪ್ಪತ್ತೇಳು ವರ್ಷದಿಂದ ಶಿವಮೊಗ್ಗದಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದೇನೆ. ಈ ಪ್ರಶ್ನೆ ಕೇಳದ ವಾರವೇ ಇಲ್ಲ. ವಾಪಸ್ ಕಳಿಸುವ ಗಡುವೂ ಮುಗಿದಿತ್ತು. ಅವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

26 ಅನ್ನುವುದು ರಿಮ್ಮಿನ ಅಳತೆ ಅಲ್ಲ. ಟಯರ್ ಹಾಕಿ, ಗಾಳಿ ತುಂಬಿ, ನೆಲಕ್ಕೆ ನಿಲ್ಲಿಸಿದ ಮೇಲೆ ಇಡೀ ಚಕ್ರ ಎಷ್ಟು ಎತ್ತರ ಬರುತ್ತದೆ ಅನ್ನುವುದರ ಅಂದಾಜು ಅದು. ತೆಳು ಟಯರ್ ಆದರೆ ರಿಮ್ಮು ದೊಡ್ಡದಿರಬೇಕು, ದಪ್ಪ ಟಯರ್ ಆದರೆ ರಿಮ್ಮು ಚಿಕ್ಕದಿರಬೇಕು. ಆಗ ಎರಡರ ಒಟ್ಟು ಎತ್ತರ 26 ಇಂಚಿನ ಹತ್ತಿರ ಬರುತ್ತದೆ. ಹೆಸರು ಒಂದೇ, ರಿಮ್ಮು ಬೇರೆ ಬೇರೆ.

ಹಾಗಾದರೆ ಯಾವುದನ್ನು ನೋಡಬೇಕು? ಟಯರಿನ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಇನ್ನೊಂದು ಜೋಡಿ ಅಂಕಿ ಇರುತ್ತದೆ. ಮಗಳ ಸೈಕಲ್ಲಿನ ಟಯರ್ ಮೇಲೆ 37-590 ಅಂತ ಇತ್ತು. ಮೊದಲನೆಯದು ಟಯರಿನ ಅಗಲ, ಎರಡನೆಯದು ಟಯರಿನ ಅಂಚು ರಿಮ್ಮಿನ ಮೇಲೆ ಕೂರುವ ಜಾಗದ ಅಡ್ಡಳತೆ. ಎರಡೂ ಮಿಲಿಮೀಟರಿನಲ್ಲಿ. ಕೂಡಿ ನೋಡಿ. 590ಕ್ಕೆ ಮೇಲೊಂದು 37, ಕೆಳಗೊಂದು 37. ಒಟ್ಟು 664 ಮಿಲಿಮೀಟರ್, ಅಂದರೆ 26 ಇಂಚಿಗಿಂತ ಒಂದು ಕೂದಲು ಜಾಸ್ತಿ. ಮೇಷ್ಟ್ರು ತರಿಸಿದ್ದ ಟಯರಿನ ಎರಡನೇ ಅಂಕಿ 559. ಅದು ಗೇರ್ ಸೈಕಲ್ಲಿನ ಅಳತೆ. 590ಕ್ಕೂ 559ಕ್ಕೂ 31 ಮಿಲಿಮೀಟರ್ ವ್ಯತ್ಯಾಸ. ಯಾವ ಮೆಕ್ಯಾನಿಕ್ ಎಷ್ಟು ಎಳೆದರೂ ಅದು ಕೂರುವುದಿಲ್ಲ.

ಇನ್ನೊಂದು ಮಾತು. ಭಿನ್ನರಾಶಿಯಲ್ಲಿ ಬರೆದ ಅಳತೆ ಬೇರೆ, ಚುಕ್ಕೆ ಇಟ್ಟು ಬರೆದ ಅಳತೆ ಬೇರೆ. 26 × 1-3/4 ಅಂದರೆ 571, 26 × 1.75 ಅಂದರೆ 559. ಮೊದಲನೆಯದು ನಮ್ಮ ಕಡೆ ಅಪರೂಪ, ಆದರೂ ಉದಾಹರಣೆಗೆ ಹೇಳಿದೆ. ಮೇಷ್ಟ್ರು ಗಣಿತ ಪಾಠ ಮಾಡಿದವರು. ಇದನ್ನು ಅವರು ಸುಲಭಕ್ಕೆ ಒಪ್ಪಲಿಲ್ಲ. ಮುಕ್ಕಾಲು ಅಂದರೂ ಸೊನ್ನೆ ಬಿಂದು ಏಳು ಐದು ಅಂದರೂ ಒಂದೇ ಅಲ್ವಾ ಅಂತ ವಾದಿಸಿದರು. ಲೆಕ್ಕದಲ್ಲಿ ಒಂದೇ ಸಾರ್, ಟಯರಿನಲ್ಲಿ ಅಲ್ಲ ಅಂದೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಡೆ ಇಟ್ಟ ಹೆಸರುಗಳು ಅವು.

ಟಯರ್ ಕೂರದಿದ್ದರೆ ದುಡ್ಡು ಹೋಗುತ್ತದೆ, ಅಷ್ಟೆ. ಸುಲಭವಾಗಿ ಕೂತುಬಿಟ್ಟರೆ ನನಗೆ ಜಾಸ್ತಿ ಭಯ. ಹಳೇ ಕಪ್ಪು ಸೈಕಲ್ಲಿನ 28 × 1-1/2 ಟಯರಿನ ಎರಡನೇ ಅಂಕಿ 635. ಈಗಿನ 700ಸಿ ಅನ್ನುವ ಅಳತೆಯ ಚಕ್ರದ್ದು 622. ಅದರ ಟಯರ್ ಮೇಲೂ ಕೆಲವು ಸಲ 28 ಅಂತ ಬರೆದಿರುತ್ತದೆ. 635ರ ಟಯರನ್ನು 622ರ ರಿಮ್ಮಿಗೆ ಹಾಕಿದರೆ ಕೈಯಲ್ಲೇ ಜಾರಿ ಕೂರುತ್ತದೆ. ಆಹಾ, ಎಷ್ಟು ಸಲೀಸು ಅನ್ನಿಸುತ್ತದೆ. ಗಾಳಿ ಪೂರ್ತಿ ಹೊಡೆದಾಗಲೋ, ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗಲೋ ಅಂಚು ಹೊರಬಂದು ಟ್ಯೂಬ್ ಸಿಡಿಯುತ್ತದೆ. ದಯವಿಟ್ಟು ಇದನ್ನು ಮಾತ್ರ ಮಾಡಬೇಡಿ. 29 ಇಂಚಿನ ಟಯರಿಗೂ 700ಸಿ ಟಯರಿಗೂ ಎರಡನೇ ಅಂಕಿ ಒಂದೇ, 622. ಹಾಗಂತ ದಪ್ಪನೆಯದನ್ನು ತೆಳು ರಿಮ್ಮಿಗೆ ಹಾಕಬಹುದು ಅಂತಲ್ಲ. ಎರಡನೇ ಅಂಕಿ ಪೂರ್ತಿ ತಾಳೆಯಾಗಲೇಬೇಕು, ಮೊದಲನೇ ಅಂಕಿ ಹತ್ತಿರ ಇರಬೇಕು, ಫೋರ್ಕಿಗೂ ಮಡ್‌ಗಾರ್ಡಿಗೂ ತಾಗಬಾರದು.

ಅಂಕಿ ಸವೆದು ಕಾಣದಿದ್ದರೆ ಟಯರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಅಕ್ಷರ ಇರುವ ಕಡೆ ಸೀಮೆಸುಣ್ಣ ಅಡ್ಡವಾಗಿ ತಿಕ್ಕಿ. ಉಬ್ಬಿದ ಅಕ್ಷರಕ್ಕೆ ಮಾತ್ರ ಬಿಳಿ ಹತ್ತಿ ಓದಲು ಬರುತ್ತದೆ. ಅದೂ ಆಗದಿದ್ದರೆ ಚಕ್ರವನ್ನೇ ಅಂಗಡಿಗೆ ತನ್ನಿ. ಫೋನಿನಲ್ಲಿ "ಮಾಮೂಲಿ ಸೈಕಲ್ಲು, ಮಾಮೂಲಿ ಟಯರ್" ಅಂದರೆ ಯಾರಿಗೂ ಹೇಳಲಾಗುವುದಿಲ್ಲ.

ಇನ್ನು ಕೈಯಲ್ಲಿ ಸ್ವಲ್ಪವೇ ದುಡ್ಡಿದೆ, ಏನು ತಂದಿಡಬೇಕು ಅನ್ನುವ ವಿಷಯ. ಬೆಲೆ ಊರಿಂದ ಊರಿಗೆ ಬೇರೆ, ಅದಕ್ಕೆ ರೂಪಾಯಿ ಲೆಕ್ಕ ಹೇಳುವುದಿಲ್ಲ. ನನ್ನ ಅನುಭವದ ಮಾತು ಇಷ್ಟು: ದೊಡ್ಡ ಸಾಮಾನು ಕೊಂಡಿಡಬೇಡಿ. ಟಯರ್, ಫ್ರೀವೀಲ್ (ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲುಚಕ್ರ), ಪೆಡಲ್, ಸೀಟು ಇವೆಲ್ಲ ಒಂದೇ ದಿನಕ್ಕೆ ಕೈಕೊಡುವುದಿಲ್ಲ. ಸವೆಯುವುದು ಮೊದಲೇ ಕಾಣುತ್ತದೆ, ಆಗ ತಂದರೆ ಸಾಕು. ಟಯರನ್ನು ಮನೆಯಲ್ಲಿ ಇಟ್ಟರೂ ಅದಕ್ಕೆ ವಯಸ್ಸಾಗುತ್ತದೆ. ಬಿಸಿಲು ಬೀಳುವ ಕಡೆ ಗೂಟಕ್ಕೆ ನೇತುಹಾಕಿದರೆ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಬರುತ್ತದೆ. ಕಿಡಿ ಹಾರುವ ಮೋಟಾರಿನ ಪಕ್ಕ ಇಟ್ಟರೂ ಹಾಗೇ. ಆ ಕಿಡಿಯಿಂದ ಹುಟ್ಟುವ ಓಝೋನ್ ಅನ್ನುವ ಅನಿಲ ರಬ್ಬರನ್ನು ತಿನ್ನುತ್ತದೆ.

ಇದ್ದಕ್ಕಿದ್ದಂತೆ ದಾರಿಯಲ್ಲಿ ನಿಲ್ಲಿಸುವುದು ಸಣ್ಣ ಸಾಮಾನು. ಮನೆಯಲ್ಲಿರುವ ಒಂದೊಂದು ಅಳತೆಯ ಚಕ್ರಕ್ಕೆ ಒಂದೊಂದು ಟ್ಯೂಬ್, ಪ್ಯಾಚು, ಅದನ್ನು ಅಂಟಿಸುವ ಸಲ್ಯೂಷನ್ನಿನ ಚಿಕ್ಕ ಟ್ಯೂಬು. ಸಲ್ಯೂಷನ್ ದೊಡ್ಡದು ಬೇಡ. ಒಂದು ಸಲ ಬಾಯಿ ತೆಗೆದರೆ ಕೆಲವು ತಿಂಗಳಲ್ಲಿ ಒಣಗುತ್ತದೆ. ಹಳೇ ಥರದ ವಾಲ್ ಇದ್ದರೆ ಒಂದು ಗೇಣು ವಾಲ್ ಟ್ಯೂಬ್, ಅಂದರೆ ವಾಲಿಗೆ ಏರಿಸುವ, ಗಾಳಿ ಹಿಡಿದಿಡುವ ತೆಳು ರಬ್ಬರ್ ಕೊಳವೆ. ಎಷ್ಟೋ ಜನ "ಪಂಕ್ಚರ್ ಆಗಿದೆ" ಅಂತ ತಳ್ಳಿಕೊಂಡು ಬರುತ್ತಾರೆ. ನೋಡಿದರೆ ಆ ಚಿಕ್ಕ ರಬ್ಬರ್ ಕೊಳವೆ ಹರಿದಿರುತ್ತದೆ, ಅಷ್ಟೆ.

ಬ್ರೇಕ್ ತಂತಿಯಲ್ಲಿ ದುಡ್ಡು ಉಳಿಸುವ ಒಂದು ದಾರಿ ಇದೆ. ಹಿಂದಿನ ಬ್ರೇಕಿನ ಉದ್ದ ತಂತಿಯನ್ನೇ ಕೊಳ್ಳಿ. ಬೇಕಾದಾಗ ಕತ್ತರಿಸಿ ಮುಂದಕ್ಕೂ ಹಾಕಬಹುದು, ಮುಂದಿನದ್ದನ್ನು ಹಿಂದಕ್ಕೆ ಹಾಕಲಾಗದು. ಆದರೆ ಇಲ್ಲೂ ಅದೇ ತಪ್ಪು ನಡೆಯುತ್ತದೆ. ಗೇರ್ ತಂತಿಯನ್ನು ಬ್ರೇಕಿಗೆ ಹಾಕಬೇಡಿ. ಅದು ತೆಳ್ಳಗಿರುತ್ತದೆ, ತುದಿಯ ಗುಂಡೂ ಚಿಕ್ಕದು. ಬ್ರೇಕ್ ತಂತಿಯ ತುದಿಯಲ್ಲೇ ಎರಡು ಥರ ಇವೆ, ಒಂದು ಉರುಳೆ ಆಕಾರದ್ದು, ಇನ್ನೊಂದು ಪಿಯರ್ ಹಣ್ಣಿನ ಆಕಾರದ್ದು, ಒಂದು ಕಡೆ ಕಿರಿದಾಗಿರುತ್ತದೆ. ನಿಮ್ಮ ಲಿವರಿಗೆ ಯಾವುದು ಅಂತ ಹಳೇದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ.

ಚೈನ್ ಮೊದಲೇ ಕೊಂಡಿಡಬೇಕಾ ಅಂತ ಕೇಳುವವರಿಗೆ ನಾನು ಸ್ಟೀಲ್ ಟೇಪ್ ಕೊಡುತ್ತೇನೆ. ಟೇಪಿನ 1 ಇಂಚಿನ ಗೆರೆಯನ್ನು ಚೈನಿನ ಒಂದು ಪಿನ್ನಿನ ನಡುವೆ ಇಟ್ಟು, 13ರ ಗೆರೆ ಎಲ್ಲಿ ಬರುತ್ತದೆ ನೋಡಿ. ಚೈನ್ ಬಿಗಿಯಾಗಿರಬೇಕು. ಹೊಸ ಚೈನಿನಲ್ಲಿ 12 ಇಂಚಿಗೆ ಸರಿಯಾಗಿ ಪಿನ್ನಿನ ನಡುವೆ ಬರುತ್ತದೆ. ಪಿನ್ನು ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನ್ ಬದಲಿಸುವ ಹೊತ್ತು. ಎಂಟನೇ ಒಂದು ಭಾಗ ಹೋಗಿದ್ದರೆ ಫ್ರೀವೀಲಿನ ಹಲ್ಲೂ ಅದರ ಜೊತೆ ಸವೆದಿರುವುದೇ ಜಾಸ್ತಿ. ಆಗ ಹೊಸ ಚೈನ್ ಮಾತ್ರ ಹಾಕಿದರೆ ಏರು ತುಳಿಯುವಾಗ ಹಾರುತ್ತದೆ. ಮೇಷ್ಟ್ರ ಡಬ್ಬದಲ್ಲಿದ್ದ ಎರಡೂ ಚೈನ್ ಗೇರ್ ಸೈಕಲ್ಲಿನವು, ತೆಳ್ಳಗಿನವು. ಅವರ ಕಪ್ಪು ಸೈಕಲ್ಲಿಗೆ 1/8 ಇಂಚು ಅಗಲದ್ದು ಬೇಕು.

ಸಾಮಾನು ಇಡುವುದನ್ನು ನಾನು ಕಲಿತದ್ದು ಒಬ್ಬ ಹಾಲಿನವರಿಂದ. ಅವರು ಈಗಿಲ್ಲ. 28 ಇಂಚಿನ ಸೈಕಲ್ಲಿಗೆ ಎರಡು ಕ್ಯಾನ್ ಕಟ್ಟಿಕೊಂಡು ಬೆಳಗಿನ ಜಾವ ಹಳ್ಳಿಯಿಂದ ಬರುತ್ತಿದ್ದರು. ಅವರ ಎಲ್ಲ ಸ್ಪೇರ್ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿತ್ತು. ತಳದಲ್ಲಿ ಗ್ರೀಸು, ಅದರೊಳಗೆ ಮುಳುಗಿಸಿದ ಬೇರಿಂಗ್ ಗುಂಡುಗಳು, ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ. 1/4 ಇಂಚಿನವು 18, ಹಿಂದಿನ ಚಕ್ರದ ಹಬ್ಬಿಗೆ (ಚಕ್ರದ ನಡುವಿನ ಗುಂಬಕ್ಕೆ), ಒಂದೊಂದು ಕಡೆಗೆ 9. 3/16ರವು 20, ಮುಂದಿನ ಹಬ್ಬಿಗೆ, ಒಂದೊಂದು ಕಡೆಗೆ 10. ಮೇಲೆ ಪೆಡಲಿನ ಕೈಯನ್ನು ಅಚ್ಚಿಗೆ ಬಿಗಿಯುವ ಎರಡು ಕಾಟರ್ ಪಿನ್, ನಟ್ಟಿನ ಸಮೇತ. ಚೈನಿನ ಎರಡು ತುದಿ ಸೇರಿಸುವ ಒಂದು ಚೈನ್ ಲಾಕ್. ಅಂಗೈ ಅಗಲದ ಹಳೇ ಟಯರ್ ತುಂಡು, ಟಯರ್ ಸೀಳಿದರೆ ಒಳಗೆ ಗೇಟರ್, ಅಂದರೆ ತೇಪೆ, ಕೊಡಲು. ಗುಂಡು ಒಂದು ಒಡೆದರೂ ಅವರು ಒಂದನ್ನೇ ಬದಲಿಸುತ್ತಿರಲಿಲ್ಲ, ಆ ಕಡೆಯ ಎಲ್ಲವನ್ನೂ ಬದಲಿಸುತ್ತಿದ್ದರು. ಹೊಸ ಗುಂಡು ಹಳೆಯವಕ್ಕಿಂತ ಒಂದು ಕೂದಲಷ್ಟು ದಪ್ಪ ಜಾಸ್ತಿ ಇರುತ್ತದೆ, ಭಾರವೆಲ್ಲ ಅದರ ಮೇಲೇ ಬಿದ್ದು ಗುಂಡು ಕೂರುವ ಬಟ್ಟಲು ಹಾಳಾಗುತ್ತದೆ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ತಮ್ಮ ಸೈಕಲ್ಲಿನ ಅಂಕಿ ಒಂದೂ ತಪ್ಪದೆ ಹೇಳುತ್ತಿದ್ದರು. ಅವರ ಇಡೀ ಬಾಟಲಿಯ ಬೆಲೆ ಒಂದು ಟಯರಿಗಿಂತ ಕಮ್ಮಿ ಇತ್ತು.

ಟ್ಯೂಬ್ ಇಡುವಾಗ ಪೌಡರ್ ಸವರಿ, ಸಡಿಲವಾಗಿ ಸುತ್ತಿ, ಕತ್ತಲೆಯಲ್ಲಿ ಇಡಿ. ರಬ್ಬರ್ ಬ್ಯಾಂಡ್ ಬಿಗಿದು ಮಡಚಿಟ್ಟರೆ ಮಡಿಕೆಯಲ್ಲೇ ಬಿರಿಯುತ್ತದೆ. ಇಲಿ ಇದ್ದರೆ ತಗಡಿನ ಡಬ್ಬ. ಅಳತೆ ಸ್ವಲ್ಪ ಹೆಚ್ಚು ಕಮ್ಮಿ ಇದ್ದರೂ ಟ್ಯೂಬ್ ಒಂದು ಸಲಕ್ಕೆ ಹೊಂದಿಕೊಂಡು ಮನೆ ಮುಟ್ಟಿಸುತ್ತದೆ, ಟಯರಿಗೆ ಆ ಗುಣ ಇಲ್ಲ.

ಹೊಸ ಸೈಕಲ್ ಕೊಳ್ಳುವವರಿಗೆ ಒಂದು ವಿನಂತಿ. ಮನೆಯಲ್ಲಿ ಈಗಾಗಲೇ ಒಂದಿದ್ದರೆ, ಆದಷ್ಟೂ ಅದೇ ಚಕ್ರದ ಅಳತೆಯದ್ದನ್ನೇ ಕೊಳ್ಳಿ. ಎರಡು ಸೈಕಲ್ಲಿಗೆ ಒಂದೇ ಟ್ಯೂಬ್ ಸಾಕಾಗುತ್ತದೆ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ನಾನು ಇದನ್ನು ಕಣ್ಣಾರೆ ನೋಡಿದೆ. ಒಂದೇ ವರ್ಷ ಒಂದೇ ಶಾಲೆಗೆ ಬಂದ ಸೈಕಲ್ಲುಗಳು ಒಂದೇ ಥರ ಇರುತ್ತಿದ್ದವು. ಒಬ್ಬನ ಮುರಿದ ಸೈಕಲ್ಲಿನ ಸಾಮಾನಿನಲ್ಲಿ ಇನ್ನೊಬ್ಬಳ ಸೈಕಲ್ ಎರಡು ವರ್ಷ ಓಡಿದ್ದಿದೆ.

ನಮ್ಮ ಬೀದಿಯಲ್ಲಿ ಪೇಪರ್ ಹಾಕುವ ಐದು ಹುಡುಗರಿದ್ದಾರೆ. ಬೆಳಿಗ್ಗೆ ನಾಲ್ಕೂವರೆಗೆ ಹೊರಡುತ್ತಾರೆ, ನನ್ನ ಅಂಗಡಿ ತೆಗೆಯುವುದು ಒಂಬತ್ತಕ್ಕೆ. ಒಬ್ಬೊಬ್ಬರೂ ಟ್ಯೂಬ್ ಕೊಂಡಿಡುವಷ್ಟು ದುಡ್ಡು ಅವರಲ್ಲಿಲ್ಲ. ಒಂದು ಭಾನುವಾರ ಐದೂ ಸೈಕಲ್ಲಿನ ಟಯರಿಗೆ ಸೀಮೆಸುಣ್ಣ ತಿಕ್ಕಿ ಓದಿಸಿದೆ. ಐದೂ 590. ಐವರೂ ದುಡ್ಡು ಸೇರಿಸಿ ಎರಡು ಟ್ಯೂಬ್, ಒಂದು ಬ್ರೇಕ್ ತಂತಿ, ಒಂದು ಸಲ್ಯೂಷನ್ ತಂದರು. ಅದನ್ನು ಮೂಲೆಯ ಟೀ ಅಂಗಡಿಯಲ್ಲಿ ಇಟ್ಟಿದ್ದಾರೆ, ಅದು ನಾಲ್ಕಕ್ಕೇ ತೆಗೆಯುತ್ತದೆ. ಪಂಕ್ಚರ್ ಆದವನು ಅಲ್ಲೇ ಟ್ಯೂಬ್ ಬದಲಿಸಿಕೊಂಡು ಪೇಪರ್ ಹಾಕಲು ಹೋಗುತ್ತಾನೆ. ಹಳೇ ಟ್ಯೂಬನ್ನು ಒಂಬತ್ತಕ್ಕೆ ನನ್ನ ಹತ್ತಿರ ತರುತ್ತಾನೆ. ಪ್ಯಾಚ್ ಹಾಕಿ, ನೀರಲ್ಲಿ ಮುಳುಗಿಸಿ ನೋಡಿ, ಪೌಡರ್ ಸವರಿ ವಾಪಸ್ ಟೀ ಅಂಗಡಿಗೆ ಕಳಿಸುತ್ತೇನೆ.