ಕಸದ ವಹಿಯ ಷರಾ ಕಾಲಂ

ಬೆಳಗಾವಿ ಊರ ಹೊರಗಿನ ಒಂದು ಕ್ಯಾಂಪಸ್ಸಿಗೆ, ಅಲ್ಲಿನ ಮೂರು ಮಜಲಿನ ಕಟ್ಟಡದ ಕಸದ ಲೆಕ್ಕ ಕಟ್ಟಿಕೊಡಿ ಎಂದು ಕರೆದಿದ್ದರು. ಕಚೇರಿಯಲ್ಲಿ ವಹಿ ಕೈಗಿಟ್ಟರು. ಏಪ್ರಿಲ್‌ನಿಂದ ಜೂನ್‌ವರೆಗೆ ದಿನಕ್ಕೆ 20 ಕೆ.ಜಿ. ಭಾನುವಾರವೂ 20, ಬಸವ ಜಯಂತಿಯ ರಜೆಗೂ 20. ಕಸ ಗುಡಿಸುವವರನ್ನು ಕೇಳಿದರೆ ತಕ್ಕಡಿಯನ್ನೇ ಯಾರೂ ಕೊಟ್ಟಿರಲಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದಿದೆ ಎಂದು ಯಾರೋ ಕೂತು ಕಾಲಂ ತುಂಬಿಸಿದ್ದರು. ಷರಾ ಕಾಲಂ ಮಾತ್ರ ಪೂರ್ತಿ ಖಾಲಿ.

ಈ ಲೆಕ್ಕಕ್ಕೆ ಕಾನೂನಿನ ತೂಕವೂ ಇದೆ. ಕೇಂದ್ರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಾಲೇಜು, ವಿಶ್ವವಿದ್ಯಾಲಯ, ಹಾಸ್ಟೆಲ್‌ಗಳನ್ನು ಹೆಸರಿಸಿಯೇ, ಸರಾಸರಿ ದಿನಕ್ಕೆ 100 ಕೆ.ಜಿ. ದಾಟಿದವರನ್ನು ಭಾರಿ ಪ್ರಮಾಣದ ಕಸ ಉತ್ಪಾದಕರು ಎಂದು ಗುರುತಿಸಿದವು. 2026ರ ಹೊಸ ನಿಯಮಗಳಲ್ಲೂ ಆ 100 ಉಳಿದಿದೆ. ಬೇರ್ಪಡಿಸುವ ಬಗೆ ಮಾತ್ರ ಹಸಿ, ಒಣ, ಸ್ಯಾನಿಟರಿ, ವಿಶೇಷ ಎಚ್ಚರಿಕೆಯ ಕಸ (ಬಲ್ಬು, ಔಷಧಿಯಂಥವು) ಎಂದು ನಾಲ್ಕಾಗಿದೆ. ಒಂದೊಂದು ಕಟ್ಟಡದಿಂದ 15 ಕೆ.ಜಿ. ಹೊರಟರೂ ಏಳು ಕಟ್ಟಡ ಸೇರಿದರೆ ಗೆರೆ ದಾಟಿತು. ಊಹೆಯ 20ನ್ನು ನಂಬಿ ಗೊಬ್ಬರದ ಗುಂಡಿ ತೋಡಿಸಿದರೆ ಒಂದೋ ಗುಂಡಿ ಉಕ್ಕುತ್ತದೆ, ಇಲ್ಲವೋ ಖಾಲಿ ಬೀಳುತ್ತದೆ.

ತೂಗಲು ದೊಡ್ಡ ಸಲಕರಣೆಯೇನೂ ಬೇಡ. ಕೊಕ್ಕೆಗೆ ನೇತುಹಾಕುವ ಡಿಜಿಟಲ್ ತಕ್ಕಡಿ, ಎರಡು ಬಕೆಟ್, ಒಂದು ತಾಡಪತ್ರಿ ಸಾಕು. ಬಕೆಟ್ಟಿನ ತೂಕವನ್ನು ಮೊದಲೇ ತೂಗಿ ಅದರ ಮೇಲೆಯೇ ಬಣ್ಣದಲ್ಲಿ ಬರೆಯಬೇಕು, ಪ್ರತಿ ಸಲ ಕಳೆಯಬೇಕು. ದಿನಾ ಒಂದೇ ಹೊತ್ತಿಗೆ, ಕಸದ ಗಾಡಿ ಬರುವ ಮೊದಲು, ಮಜಲುವಾರು ತೂಗಬೇಕು. ಕಟ್ಟಡದ ಒಟ್ಟು ತೂಕವೊಂದೇ ಇದ್ದರೆ ಏನನ್ನೂ ಸರಿಪಡಿಸಲಾಗದು. ಎರಡನೇ ಮಜಲಿನಲ್ಲಿ ಹೆಚ್ಚು ಎಂದು ಗೊತ್ತಾದರೆ ಎದ್ದು ಹೋಗಿ ನೋಡಬಹುದು.

ನಾವು ತೂಗಲು ಶುರು ಮಾಡಿದ್ದು ಜುಲೈನಲ್ಲಿ. ಬೆಳಗಾವಿಯ ಜುಲೈ ಅಂದರೆ ಬಿಡದ ಮಳೆ. ಮೊದಲ ವಾರ ಒಣ ಕಸದ ತೂಕ ಏರುತ್ತಲೇ ಹೋಯಿತು, ನಾನು ಅದನ್ನು ಹಾಗೆಯೇ ಬರೆದುಕೊಂಡೆ. ಪಡಸಾಲೆಯ ಅಂಚಿಗಿಟ್ಟ ತೊಟ್ಟಿಗಳಿಗೆ ಇರಚಲು ಹೊಡೆದು ರಟ್ಟು, ಕಾಗದ ನೀರು ಕುಡಿದಿದ್ದವು. ಅದು ನನ್ನ ತಪ್ಪು. ಆ ವಾರದ ಅಂಕಿ ಪೂರ್ತಿ ಹೊಡೆದು ಹಾಕಿ, ತೊಟ್ಟಿಗಳನ್ನು ಒಳಗಿಡಿಸಿ ಹೊಸದಾಗಿ ಶುರು ಮಾಡಿದೆವು. ವಿಜಯಪುರದ ಬಿಸಿಲಿನಲ್ಲಿ ಇದೇ ತಪ್ಪು ತಿರುಗಾಮುರುಗಾ ಆಗುತ್ತದೆ: ಮುಚ್ಚದೆ ಇಟ್ಟ ಹಸಿ ಕಸ ಸಂಜೆಗೆ ಒಣಗಿ ಹಗುರಾಗುತ್ತದೆ.

ಎರಡನೇ ತಪ್ಪನ್ನು ತೋರಿಸಿದವರು ಅಲ್ಲಿ ಕಸ ಗುಡಿಸುವ ಹಿರಿಯ ಹೆಣ್ಣುಮಗಳು. ನಾನು ಚೀಲ ಎತ್ತಿ ಕೊಕ್ಕೆಗೆ ಹಾಕುವಾಗ ಅವರು ಕೈ ಹಿಡಿದರು. "ಸರ, ಇದು ಕಸದ ವಜ್ಜಿ ಅಲ್ರಿ. ಒಳಗ ಚಾ ಐತಿ, ನೀರ ಐತಿ. ಅದನ್ನ ತೂಗಾಕತ್ತೀರಿ ನೀವು."

"ಹಂಗಂದ್ರ ಏನ್ ಮಾಡೂಣ್ರಿ ಅಕ್ಕಾರ?"

"ಒಂದ್ ಬಕೀಟ್ ಇಡ್ರಿ. ಮದ್ಲ ಚಾ ಅದ್ರಾಗ ಸುರೀರಿ, ಆಮ್ಯಾಲ ಕಪ್ಪ ಒಗೀರಿ."

ಚೀಲ ಬಿಚ್ಚಿ ನೋಡಿದೆ. ಅರ್ಧ ಕುಡಿದ ಕಾಗದದ ಕಪ್ಪುಗಳು, ಒಂದರೊಳಗೊಂದು ಸಿಕ್ಕಿ, ತಳದಲ್ಲಿ ಚಹಾ ಮಡುಗಟ್ಟಿತ್ತು. ಆ ಚಹಾ ಮೇಲಿದ್ದ ಬಿಳಿ ಕಾಗದವನ್ನೆಲ್ಲ ತೋಯಿಸಿತ್ತು. ರದ್ದಿಗೆ ಹೋಗಬೇಕಾದ ಕಾಗದ ಯಾರಿಗೂ ಬೇಡವಾಗಿತ್ತು. ಒಳಮೈಗೆ ತೆಳು ಪ್ಲಾಸ್ಟಿಕ್ ಪದರ ಇರುವುದರಿಂದ ಕಪ್ಪುಗಳನ್ನು ಗುಜರಿಯವರೂ ಮುಟ್ಟುವುದಿಲ್ಲ. ಮರುದಿನವೇ ಪ್ರತಿ ಮಜಲಿಗೆ ಜರಡಿ ಇಟ್ಟ ಬಕೆಟ್ ಬಂತು.

ಕಪ್ಪಿನ ಇನ್ನೊಂದು ಪಾಠ ಗಾತ್ರದ್ದು. ತೂಕದ ಕಾಲಂನಲ್ಲಿ ಕಪ್ಪು ಕಾಣುವುದೇ ಇಲ್ಲ, ತೊಟ್ಟಿ ತುಂಬುವುದು ಮಾತ್ರ ಅದರಿಂದಲೇ. ಆದ್ದರಿಂದ ತೂಕದ ಪಕ್ಕದಲ್ಲಿ "ಎಷ್ಟು ಚೀಲ" ಎಂಬ ಕಾಲಂ ಇರಲೇಬೇಕು.

ತಿಂಗಳಿಗೊಮ್ಮೆ ತಾಡಪತ್ರಿ ಹಾಸಿ ಕಸ ಬೇರ್ಪಡಿಸಿ ನೋಡಬೇಕು. ಊರ ಕಸಕ್ಕೆ ರಾಶಿ ಹಾಕಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು, ಉಳಿದದ್ದನ್ನು ಮತ್ತೆ ಕಲಸಿ ಮತ್ತೆ ಪಾಲು ಮಾಡುವ ಪದ್ಧತಿ ಇದೆ. ಒಂದು ಕಟ್ಟಡಕ್ಕೆ ಅಷ್ಟೆಲ್ಲ ಬೇಡ, ಇಡೀ ದಿನದ ಕಸವನ್ನೇ ಹರಡಿಬಿಡಿ. ಗಟ್ಟಿ ಕೈಗವಸು ಕಡ್ಡಾಯ. ಸ್ಯಾನಿಟರಿ ಪೊಟ್ಟಣಗಳನ್ನು ಬಿಚ್ಚಬಾರದು, ಕಟ್ಟಿದ ಹಾಗೆಯೇ ತೂಗಿ ಬದಿಗಿಡಬೇಕು. ಪ್ರಯೋಗಾಲಯದ ಒಡೆದ ಗಾಜು, ರಾಸಾಯನಿಕದ ಬಾಟಲಿ ಈ ರಾಶಿಗೆ ಬರಲೇಬಾರದು.

ಆಡಳಿತದವರಿಗೆ ಒತ್ತಿ ಹೇಳುವುದು ರದ್ದಿಯ ವಿಷಯ. ರಟ್ಟು, ಬಾಟಲಿ, ಕಾಗದವನ್ನು ಗುಡಿಸುವವರು ಎತ್ತಿಟ್ಟು ಗುಜರಿಗೆ ಹಾಕುತ್ತಾರೆ; ಕಡಿಮೆ ಸಂಬಳದಲ್ಲಿ ದುಡಿಯುವವರಿಗೆ ಅದೊಂದು ಆಸರೆ. ತೂಕದ ವಹಿ ಬಂದ ಕೂಡಲೇ "ಆ ದುಡ್ಡು ಸಂಸ್ಥೆಗೆ ಬರಲಿ" ಎನ್ನುವವರನ್ನು ನೋಡಿದ್ದೇನೆ. ಹಾಗೆ ಮಾಡಿದ ಕಡೆ ರದ್ದಿ ತಕ್ಕಡಿಗೆ ಬರುವ ಮೊದಲೇ ಮಾಯವಾಯಿತು, ಲೆಕ್ಕ ಮತ್ತೆ ಸುಳ್ಳಾಯಿತು. ರದ್ದಿ ಅವರದೇ, ತೂಗಿ ಬರೆದರೆ ಸಾಕು ಎಂದು ಮೊದಲ ದಿನವೇ ಎಲ್ಲರೆದುರು ಹೇಳಬೇಕು. ನ್ಯಾಯವೂ ಅದೇ.

ಇನ್ನು ಷರಾ. ತಿಂಗಳ ಒಟ್ಟು ತೂಕವನ್ನು ಕೆಲಸದ ದಿನಗಳಿಗೆ ಭಾಗಿಸಿ, ಬರುವ ಜನರಿಗೆ ಭಾಗಿಸಿದರೆ ತಲೆಗಿಷ್ಟು ಎಂದು ಸಿಗುತ್ತದೆ: ದಿನಕ್ಕೆ 18 ಕೆ.ಜಿ., 300 ಜನ ಅಂದರೆ ತಲೆಗೆ 60 ಗ್ರಾಂ. ಬೇರೆ ಕಟ್ಟಡದ ಜೊತೆ ಹೋಲಿಸಲು ಇದು ಬೇಕು. ಆದರೆ ಮಂಗಳವಾರ ಯಾಕೆ ಏರಿತು ಎಂಬುದು ಅದರಲ್ಲಿ ಇರುವುದಿಲ್ಲ. ಪರೀಕ್ಷೆ, ಗ್ಯಾದರಿಂಗ್ ಎನ್ನುವ ಕಾಲೇಜಿನ ವಾರ್ಷಿಕೋತ್ಸವ, ಹೊರಗಿನ ಊಟ ತರಿಸಿದ ಸಭೆ, ಕೆಟ್ಟು ನಿಂತ ನೀರಿನ ಯಂತ್ರ, ಎಲ್ಲವೂ ಕಸದಲ್ಲಿ ಕಾಣುತ್ತವೆ. ನೀರಿನ ಯಂತ್ರ ಕೆಟ್ಟ ವಾರ ಪ್ಲಾಸ್ಟಿಕ್ ಬಾಟಲಿ ಏರಿದ್ದು ಷರಾ ಇದ್ದುದರಿಂದ ತಿಳಿಯಿತು. ಯಂತ್ರ ರಿಪೇರಿಯಾಯಿತು, ಬಾಟಲಿ ಇಳಿಯಿತು.

ಷರಾ ಬರೆಯುವ ಕೆಲಸವನ್ನು ನಾವು ಆ ಹಿರಿಯ ಹೆಣ್ಣುಮಗಳಿಗೇ ಕೊಟ್ಟೆವು. ಅಕ್ಷರ ದಪ್ಪ, ಸಾಲು ಕಾಲಂ ದಾಟಿ ಹೋಗುತ್ತದೆ. ಅಕ್ಟೋಬರ್‌ನ ಪುಟ ನನ್ನ ಮುಂದಿದೆ. ಆಯುಧ ಪೂಜೆ ಮುಗಿದ ಮೇಲಿನ ಮೊದಲ ಕೆಲಸದ ದಿನ ಹಸಿ ಕಸ ಎರಡು ಪಟ್ಟು ದಾಟಿದೆ. ಎದುರಿಗೆ ಬರೆದಿದ್ದಾರೆ: "ವರ್ಕಶಾಪ್. ಚಂಡ ಹೂವ, ಬಾಳಿಕಂಬ, ಒಡದ ಕುಂಬಳಕಾಯಿ. ಗೊಬ್ಬರದ ಗುಂಡಿಗಿ ಹಾಕೇವಿ. ಗಾಡಿಗಿ ಕೊಟ್ಟಿಲ್ಲ."