ತಿಪ್ಪೆಯ ಉಸಿರು

ಮಾಗಿಯ ಚಳಿ, ಇನ್ನೂ ಬೆಳಕು ಹರಿದಿರಲಿಲ್ಲ. ಹಿತ್ತಲಿನ ಗೊಬ್ಬರದ ರಾಶಿಗೆ ಚುಚ್ಚಿಟ್ಟಿದ್ದ ಕಬ್ಬಿಣದ ಸರಳನ್ನು ಎಳೆದು ತುದಿ ಮುಟ್ಟಿದೆ. ಬೆರಳು ಚುರ್ ಅಂತು, ತೂತಿನಿಂದ ಆವಿ ಎದ್ದಿತು. ಆ ಹೊತ್ತಿಗೆ ಚಿತ್ರದುರ್ಗದ ಬಂಡೆಗಳೇ ತಣ್ಣಗಾಗಿರುತ್ತವೆ. ಆದರೂ "ಬಿಸಿಲಿಗೆ ಕಾದಿರಬೇಕು ಬಿಡ್ರಿ" ಅನ್ನುವವರಿದ್ದಾರೆ! ರಾತ್ರಿಯೆಲ್ಲ ಯಾವ ಬಿಸಿಲು? ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ಒಳಗೆ ಉಂಡು ಉಸಿರಾಡುತ್ತಿವೆ. ಅವುಗಳ ಮೈಬಿಸಿಯೇ ರಾಶಿಯನ್ನು 55ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುವುದು.

ಇದರ ಗುಟ್ಟು ಗಾಳಿಯಲ್ಲಿದೆ. ಗಾಳಿ ಸಿಕ್ಕರೆ ಬ್ಯಾಕ್ಟೀರಿಯಾ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಗಳಿಸುತ್ತದೆ. ಎಟಿಪಿ ಅಂದರೆ ಜೀವಕೋಶದ ಚಿಲ್ಲರೆ ಕಾಸು. ಗಾಳಿಯಿಲ್ಲದೆ ಹುದುಗಿಸಿದರೆ ಸಿಗುವುದು ಬರೀ 2. ಊದುಕೊಳವೆಯಿಂದ ಊದಿದ ಒಲೆ ಧಗಧಗ ಉರಿಯುತ್ತದೆ, ಬಾಯಿ ಮುಚ್ಚಿದ ಒಲೆ ಹೊಗೆ ಕಾರುತ್ತದೆ. ಉಸಿರುಗಟ್ಟಿದ ರಾಶಿಯ ಹೊಗೆ ಅಂದರೆ ಅದರ ನಾತ: ಹುಳಿ ಆಮ್ಲಗಳು, ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್. "ಗೊಬ್ಬರ ಅಂದಮೇಲೆ ನಾರದೇ ಇರುತ್ತಾ" ಅನ್ನುವ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟು ಮನೆಗಳ ಸಿಪ್ಪೆ ಬೀದಿಗೆ ಬೀಳುತ್ತಿದೆ! ವಾರಕ್ಕೊಮ್ಮೆ ಗುದ್ದಲಿಯಿಂದ ಮಗುಚಿ ಹಾಕಿ ಸಾಕು.

ಮೂಗಿಗೆ ಘಾಟು ಹೊಡೆದರೆ ಅದು ಅಮೋನಿಯಾ, ಸಾರಜನಕ ಹೆಚ್ಚಾಗಿದೆ. ಬ್ಯಾಕ್ಟೀರಿಯಾಗೂ ನಮ್ಮ ಹಾಗೆ ಮುದ್ದೆ ಬೇಕು, ಸಾರೂ ಬೇಕು. ಇಂಗಾಲ ಮುದ್ದೆ, ಸಾರಜನಕ ಸಾರು. ಒಂದು ಪಾಲು ಸಾರಜನಕಕ್ಕೆ 25–30 ಪಾಲು ಇಂಗಾಲ. ತರಕಾರಿ ಸಿಪ್ಪೆ ಬರೀ ಸಾರು. ಮುದ್ದೆಗೆ ಒಣಗಿದ ತರಗೆಲೆಯಿದೆ, ಶೇಂಗಾ ಸಿಪ್ಪೆಯಿದೆ. ಚಳ್ಳಕೆರೆಯಂಥ ಶೇಂಗಾ ಸೀಮೆಯಲ್ಲಿ ಅದಕ್ಕೇನು ಬರ? ರಾಶಿ ಮಾತ್ರ ಉದ್ದ, ಅಗಲ, ಎತ್ತರ ಮೂರು ಅಡಿಯಾದರೂ ಇರಲಿ. ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ, ಹೊದ್ದವನ ಬಿಸಿಯನ್ನು ಹಿಡಿದಿಡುತ್ತದೆ. ರಾಶಿಯ ಹೊರಪದರವೇ ಒಳಗಿನ ಜೀವಿಗಳಿಗೆ ಕಂಬಳಿ.

ಇಂಗ್ಲೆಂಡಿನ ಕೃಷಿ ವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ 1924ರಿಂದ 1931ರವರೆಗೆ ಇಂದೋರ್‌ನಲ್ಲಿದ್ದು ರೂಪಿಸಿದ್ದು ಈ ಮಗುಚುವ ವಿಧಾನವನ್ನೇ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ಇನ್ನೊಂದು ದಾರಿ ತೋರಿಸಿದರು: ಗುಂಡಿ ತುಂಬಿಸಿ ಮೇಲೆ ಕೆಸರು ಮೆತ್ತಿ ಬಿಟ್ಟುಬಿಡುವುದು. ಮಗುಚುವ ಕೆಲಸವಿಲ್ಲ, ತೇವ ಆರುವುದಿಲ್ಲ, ನಾತ ಹೊರಬರುವುದಿಲ್ಲ. ಆದರೆ ಆರೆಂಟು ತಿಂಗಳು ಕಾಯಬೇಕು. ನೀರಿಗೆ ಪರದಾಡುವ ನಮ್ಮ ಜಿಲ್ಲೆಗೆ ಇದೂ ಒಪ್ಪುತ್ತದೆ. ಮಕ್ಕಳಿಗೆ ತಿಪ್ಪೇಸ್ವಾಮಿ, ತಿಪ್ಪಮ್ಮ ಅಂತ ಹೆಸರಿಟ್ಟು, ದೀಪಾವಳಿಗೆ ತಿಪ್ಪೆಗೂ ದೀಪ ಹಚ್ಚುವ ಸೀಮೆ ಇದು. ಇಲ್ಲಿ ತಿಪ್ಪೆ ಕಂಡು ಮೂಗು ಮುಚ್ಚಿಕೊಳ್ಳುವುದನ್ನು ನಾವು ಯಾವಾಗ ಕಲಿತೆವೋ.

ತೇವ ನೋಡಲು ಒಂದು ಹಿಡಿ ಎತ್ತಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ, ಧಾರೆ ಇಳಿದರೆ ತರಗು ಸೇರಿಸಿ, ಪುಡಿ ಉದುರಿದರೆ ನೀರು ಚಿಮುಕಿಸಿ. ರಾಶಿ ಕಪ್ಪಾಗಿ ತಣ್ಣಗಾದ ಮೇಲೆ ಅದೇ ಹಿಡಿಯನ್ನು ಮೂಸಿ ನೋಡಿ. ಆಕ್ಟಿನೋಮೈಸಿಟ್ ಎಂಬ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಾಸನೆಯ ವಸ್ತು ಅದರಲ್ಲಿರುತ್ತದೆ. ಮೊದಲ ಮಳೆ ಬಿದ್ದಾಗ ಹೊಲದಿಂದ ಏಳುವುದೂ ಅದೇ ವಾಸನೆ.