ಪಿಡುಗಿನ ನಡುವೆ ಹಳೆಯ ಮನೋರೋಗ

ಕೊರೊನಾ ಹರಡಿದ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆಯ ಪ್ರಮಾಣ ಶೇಕಡ 25ರಷ್ಟು ಏರಿತೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ತಿಳಿಸಿತು. ಸ್ಕಿಜೋಫ್ರೇನಿಯಾ (ಭ್ರಮೆಗಳು ಕಾಡುವ ಕಾಯಿಲೆ), ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆಗಳು ಒಂದಾದ ಮೇಲೊಂದು ಬರುವ ಕಾಯಿಲೆ), ಗೀಳು (ಬೇಡದ ಯೋಚನೆ, ವರ್ತನೆಗಳು ಮತ್ತೆ ಮತ್ತೆ ಮರುಕಳಿಸುವ) ಕಾಯಿಲೆಗಳಿಗೆ ಅದಕ್ಕೂ ಮೊದಲೇ ವರ್ಷಗಟ್ಟಲೆ ಚಿಕಿತ್ಸೆ ಪಡೆಯುತ್ತಿದ್ದವರ ಪಾಡು ಈ ಲೆಕ್ಕದಲ್ಲಿ ಸರಿಯಾಗಿ ಕಾಣುವುದಿಲ್ಲ. ನನ್ನ ದೃಷ್ಟಿಯಲ್ಲಿ ಅವರಿಗೆ ಸೋಂಕಿನ ಭಯಕ್ಕಿಂತ ದೊಡ್ಡ ಅಪಾಯವೆಂದರೆ ಚಿಕಿತ್ಸೆಯ ಕ್ರಮ ತಪ್ಪುವುದು.

ಬೇರೆ ಮಾತ್ರೆಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪೈನ್ ಔಷಧವನ್ನೇ ನೋಡಬಹುದು. ಅಪರೂಪಕ್ಕೆ ಇದು ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದಾದ್ದರಿಂದ, ಮೊದಲ ಕೆಲವು ತಿಂಗಳು ವಾರಕ್ಕೊಮ್ಮೆ, ಆಮೇಲೆ ಅಂತರ ಹೆಚ್ಚಿಸಿ ರಕ್ತಪರೀಕ್ಷೆ ಮಾಡಿಸುವ ಕ್ರಮ ರೂಢಿಯಲ್ಲಿತ್ತು. ಓಡಾಟ ನಿಂತಾಗ ಪರೀಕ್ಷೆಯಿಲ್ಲದೆ ಔಷಧ ಮುಂದುವರಿಸುವುದೋ, ನಿಲ್ಲಿಸಿ ಭ್ರಮೆಗಳು ಮರುಕಳಿಸಲು ಎಡೆಮಾಡಿಕೊಡುವುದೋ ಎಂಬ ಇಕ್ಕಟ್ಟು ವೈದ್ಯರಿಗೆ ಎದುರಾಯಿತು. ಸೋಂಕು ತಗುಲಿದರಂತೂ ಮತ್ತೊಂದು ತೊಡಕು: ಉರಿಯೂತದಿಂದಾಗಿ ಈ ಔಷಧವನ್ನು ಒಡೆಯುವ ಯಕೃತ್ತಿನ ಕಿಣ್ವದ ಚಟುವಟಿಕೆ ಕುಗ್ಗಿ, ಎಂದಿನ ಮಾತ್ರೆಯೇ ರಕ್ತದಲ್ಲಿ ಅತಿಯಾಗಿ ಸೇರಿಕೊಳ್ಳಬಹುದು. ಕೆಮ್ಮು ಬಂತೆಂದು ರೋಗಿ ಥಟ್ಟನೆ ಸಿಗರೇಟು ನಿಲ್ಲಿಸಿದರೂ ಹೀಗಾಗುತ್ತದೆ, ಏಕೆಂದರೆ ತಂಬಾಕಿನ ಹೊಗೆ ಅದೇ ಕಿಣ್ವವನ್ನು ಚುರುಕುಗೊಳಿಸಿರುತ್ತದೆ. (ಸಿಗರೇಟು ಬಿಡುವುದು ಒಳ್ಳೆಯದೇ, ಆದರೆ ಇಲ್ಲಿ ವೈದ್ಯರಿಗೆ ತಿಳಿಸಿಯೇ ಬಿಡಬೇಕು.)

ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂನಲ್ಲಿ ಔಷಧದ ಮಟ್ಟಕ್ಕೂ ವಿಷದ ಮಟ್ಟಕ್ಕೂ ನಡುವಿನ ಅಂತರ ಬಹಳ ಕಿರಿದು. ಜ್ವರ, ಭೇದಿಗಳಿಂದ ದೇಹದ ನೀರಿನಂಶ ಇಳಿದರೆ ಅಥವಾ ಮೈಕೈ ನೋವಿಗೆಂದು ಐಬುಪ್ರೊಫೆನ್ ನುಂಗಿದರೆ ಮೂತ್ರಪಿಂಡ ಲಿಥಿಯಂ ಹೊರಹಾಕುವುದು ತಗ್ಗುತ್ತದೆ. ಆಗ ಕೈ ನಡುಗಿ, ಮಾತು ತೊದಲಿ, ನಡಿಗೆ ತೂರಾಡಿದರೂ ಮನೆಯವರು ಅದನ್ನು ಜ್ವರದ ನಿಶ್ಶಕ್ತಿಯೆಂದೇ ಭಾವಿಸಬಹುದು.

ನ್ಯೂಯಾರ್ಕ್‌ನ 7,348 ಕೊರೊನಾ ರೋಗಿಗಳ ಕುರಿತು 2021ರ ಜನವರಿಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಯಸ್ಸನ್ನು ಬಿಟ್ಟರೆ ಸಾವಿನೊಂದಿಗೆ ಅತಿ ಗಾಢವಾದ ನಂಟು ಕಂಡದ್ದು ಸ್ಕಿಜೋಫ್ರೇನಿಯಾ ವರ್ಗದ ಕಾಯಿಲೆಗಳಲ್ಲಿ. ಆತಂಕ ಮತ್ತು ಖಿನ್ನತೆಯ ವರ್ಗಗಳಲ್ಲಿ ಅಂಥ ನಂಟು ಕಾಣಲಿಲ್ಲ. ಆದ್ದರಿಂದ ಎಲ್ಲ ಮನೋರೋಗಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪಾಗುತ್ತದೆ.

ಗೀಳು ಕಾಯಿಲೆಯವರಲ್ಲಿಯೂ ಅನುಭವ ಒಂದೇ ತೆರನಾಗಿರಲಿಲ್ಲ. ಮತ್ತೆ ಮತ್ತೆ ಕೈ ತೊಳೆಯುವುದನ್ನು ಪ್ರಯಾಸಪಟ್ಟು ತಗ್ಗಿಸಿಕೊಂಡಿದ್ದ ವ್ಯಕ್ತಿಗೆ ಇಡೀ ಲೋಕವೇ ಕೈ ತೊಳೆಯೆಂದು ಹೇಳತೊಡಗಿದಾಗ, ಎಲ್ಲಿ ಮುನ್ನೆಚ್ಚರಿಕೆ ಮುಗಿದು ಎಲ್ಲಿ ಗೀಳು ಆರಂಭವಾಗುತ್ತದೆ ಎಂಬ ಗೆರೆಯೇ ಮಸುಕಾಯಿತು. ಆದರೂ ಈ ಕಾಯಿಲೆಯುಳ್ಳ ಎಲ್ಲರ ಸ್ಥಿತಿಯೂ ಬಿಗಡಾಯಿಸಲಿಲ್ಲ. ಜನರ ನಡುವೆ ಬೆರೆಯಲು ಅಂಜುವವರಿಗೆ ಮನೆಯಲ್ಲೇ ಉಳಿಯುವುದು ಮೊದಮೊದಲು ನೆಮ್ಮದಿಯೆನಿಸಬಹುದಾದರೂ, ತಪ್ಪಿಸಿಕೊಂಡಷ್ಟೂ ಅಂಜಿಕೆ ಬಲಿಯುವುದು ಆ ಕಾಯಿಲೆಯ ಸ್ವಭಾವ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 130 ದೇಶಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಶೇಕಡ 93ರಷ್ಟು ದೇಶಗಳಲ್ಲಿ ಮಾನಸಿಕ ಆರೋಗ್ಯ ಸೇವೆಗಳು ಅಸ್ತವ್ಯಸ್ತಗೊಂಡಿದ್ದವು ಅಥವಾ ನಿಂತೇ ಹೋಗಿದ್ದವು. ದೂರವಾಣಿ ಸಮಾಲೋಚನೆ ಅನೇಕರ ಕೈ ಹಿಡಿಯಿತು. ಆದರೆ ಫೋನಿನಲ್ಲಿ ಯಾರೋ ಕದ್ದು ಕೇಳುತ್ತಿದ್ದಾರೆಂದು ನಂಬಿದ ರೋಗಿಗೆ ಅದರಿಂದ ಏನು ಪ್ರಯೋಜನ? ಅಂಥವರಿಗೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ದೀರ್ಘಾವಧಿಯ ಚುಚ್ಚುಮದ್ದು, ಅದನ್ನು ಕೊಡಲು ಮನೆಗೇ ಹೋಗುವ ದಾದಿ, ಇವೆರಡೂ ಪಿಡುಗಿನ ತುರ್ತುಸೇವೆಗಳ ಪಟ್ಟಿಯಲ್ಲಿ ಮೊದಲೇ ಸೇರಿರಬೇಕು.